ಬಿರುದಿನ ಕಲ್ಲು

“ಗುರುಗಳೇ, ಇತಿಹಾಸ ಕಲಿಸುವವನಿಗೆ ಪ್ರಶಸ್ತಿ ಬಂದರೆ ಅದು ಇತಿಹಾಸಕ್ಕೇ ಬಂದ ಗೌರವವಲ್ಲವೇ?” ಎಂದು ಶಿಷ್ಯ ಕೇಳಿದ.

ಅವನು ಮಠದ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು. ಜಿಲ್ಲೆಯ ಉತ್ತಮ ಇತಿಹಾಸ ಬೋಧಕನೆಂದು ಅವನ ಹೆಸರು ಪ್ರಕಟವಾಗಿತ್ತು. ಅಂದಿನಿಂದ ಅವನ ಕಾಲು ಮಠದಲ್ಲಿ ನಿಂತಿರಲಿಲ್ಲ. ಒಂದು ದಿನ ದರ್ಜಿಯ ಅಂಗಡಿಯಾದರೆ ಇನ್ನೊಂದು ದಿನ ಆಮಂತ್ರಣ ಹಂಚುವ ಕೆಲಸ.

“ಕೂತುಕೋ, ಅಪರೂಪಕ್ಕೆ ಸಿಕ್ಕಿದ್ದೀಯ” ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಪಂಡಿತನಿದ್ದ. ಅವನ ಊರಿಗೂ ಪಕ್ಕದ ಊರಿಗೂ ಒಂದು ಕೆರೆಯ ಜಗಳ. ಕೆರೆ ನಮ್ಮದೆಂದು ಎರಡೂ ಊರಿನವರು ಕೂಗುತ್ತಿದ್ದರು. ಕೂಗುವವರಿಗೆ ಸಾಕ್ಷಿ ಯಾಕೆ? ಪಂಡಿತನೊಬ್ಬನೇ ಸಾಕ್ಷಿ ಹುಡುಕಿದ. ಅಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲನ್ನು ಮಗುಚಿಸಿದ. ಅಡಿಯಲ್ಲಿ ಹಳೆಯ ಶಾಸನವಿತ್ತು. ಮೇಲೆ ಸೂರ್ಯ ಚಂದ್ರ. ನಡುವೆ, ಪಂಡಿತನ ಊರಿನ ಹೂವಾಡಗಿತ್ತಿಯೊಬ್ಬಳು ತನ್ನ ಊರಿಗಾಗಿ ಈ ಕೆರೆ ಕಟ್ಟಿಸಿದಳೆಂಬ ಮಾತು. ಕೊನೆಗೊಂದು ಶಾಪ: ಇದನ್ನು ಅಳಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ.

ಪಕ್ಕದ ಊರಿನವರು, “ಬಂದು ಕಣ್ಣಾರೆ ನೋಡುತ್ತೇವೆ. ನಿಜವಾದರೆ ಕೆರೆ ನಿಮ್ಮದೇ” ಎಂದರು.

ಅಷ್ಟರಲ್ಲಿ ಸುದ್ದಿ ರಾಜನಿಗೆ ಮುಟ್ಟಿತು. ಅವನು ಪಂಡಿತನಿಗೆ ‘ಇತಿಹಾಸ ಮಾರ್ತಾಂಡ’ ಎಂಬ ಬಿರುದು ಕೊಟ್ಟ. ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಕೆರೆಯ ಏರಿಯ ಮೇಲೆ ನಿಲ್ಲಿಸಬೇಕೆಂದು ಅಪ್ಪಣೆಯಾಯಿತು.

ಕಲ್ಲುಕುಟಿಗ ಪಂಡಿತನ ಮನೆಗೆ ಬಂದ. ಪಂಡಿತ ಕನ್ನಡಿಯ ಮುಂದೆ ಪೇಟ ಸುತ್ತಿ ನೋಡಿಕೊಳ್ಳುತ್ತಿದ್ದ.

“ಬುದ್ಧೀ, ಒಳ್ಳೇ ಕಲ್ಲೊಂದು ಸಿಕ್ಕೈತೆ. ಸೂರ್ಯ ಚಂದ್ರ ಆಗ್ಲೇ ಕೆತ್ತವ್ರೆ. ಕೆಳಗೆ ಏನೋ ಹಳೇ ಅಕ್ಸರ ಅವೆ. ಏನ್ ಮಾಡ್ಲಿ?”

“ಅದನ್ನೆಲ್ಲ ನನ್ನ ಕೇಳಬೇಡವೋ. ನನ್ನ ಬಿರುದು ದೂರದಿಂದ ಕಾಣಬೇಕು, ಅಷ್ಟೆ” ಎಂದ ಪಂಡಿತ. ಕನ್ನಡಿಯಿಂದ ಕಣ್ಣು ಕೀಳಲಿಲ್ಲ.

ಸನ್ಮಾನದ ದಿನ ಬಂತು. ಹಾರ, ಓಲಗ, ಮುಗಿಯದ ಭಾಷಣ. ರಾಜ ಕಲ್ಲಿನ ಮೇಲಿನ ಬಟ್ಟೆ ಸರಿಸಿದ. ಮೇಲೆ ಸೂರ್ಯ ಚಂದ್ರ. ನಡುವೆ ದಪ್ಪ ಅಕ್ಷರಗಳಲ್ಲಿ ‘ಇತಿಹಾಸ ಮಾರ್ತಾಂಡ’. ಅದರ ಕೆಳಗೆ, ಅಳಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ. ಹಳೆಯ ಮಾತನ್ನು ಕೆತ್ತಿ ತೆಗೆದ ನಡುವಿನ ಜಾಗವೇ ಬಿರುದಿಗೆ ಸಾಕಾಗಿದ್ದರಿಂದ ಕಲ್ಲುಕುಟಿಗ ಆ ಸಾಲನ್ನು ಮುಟ್ಟಿರಲಿಲ್ಲ. ಶಾಪ ಓದಿದ ಮೇಲೆಯೇ ಪಂಡಿತನಿಗೆ ಅದು ಯಾವ ಕಲ್ಲೆಂದು ತಿಳಿದದ್ದು. ಪಾಪ, ಪೇಟದೊಳಗೇ ಬೆವರಿದ.

ಪಕ್ಕದ ಊರಿನ ಗೌಡನೂ ಜನ ಕಟ್ಟಿಕೊಂಡು ಬಂದಿದ್ದ. ಕಲ್ಲನ್ನು ಒಂದು ಸುತ್ತು ಹಾಕಿ ನೋಡಿದ.

“ನೀವು ಬಲು ದೊಡ್ಡವರು ಅಂತ ಬರ್ದೈತೆ ಸ್ವಾಮಿ, ಒಪ್ಕಂಡ್ವಿ. ಇದ್ರಾಗೆ ಕೆರೆ ಎಲ್ಲೈತೆ?”

ಪಂಡಿತ ಸುಮ್ಮನೆ ಎದುರಿನ ನೀರಿನ ಕಡೆ ಕೈ ತೋರಿಸಿದ.

“ಅದು ನಮ್ದು” ಎಂದ ಗೌಡ. ಅಲ್ಲೇ ತೂಬು ತೆಗೆಸಿ ತನ್ನ ಊರಿಗೆ ನೀರು ಹರಿಸಿಕೊಂಡ. ಸಾಕ್ಷಿಯೇ ಇಲ್ಲದ ಮೇಲೆ ರಾಜನೂ ತಡೆಯಲಿಲ್ಲ. ಆ ವರ್ಷ ಪಂಡಿತನ ಊರಿನ ಗದ್ದೆಗಳು ಒಣಗಿದವು.

ಕತೆ ಕೇಳಿ ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ನಗು ಮುಗಿಯುವವರೆಗೂ ಕಾದು ಗುರುಗಳು ಕೇಳಿದರು:

“ಅದಿರಲಿ, ಶಾಲೆಯ ಮಕ್ಕಳಿಗೆ ಎಲ್ಲಿಯವರೆಗೆ ಪಾಠವಾಗಿದೆ?”