ಬಸವಂತಪ್ಪ ಎಂಬ ಹೆಸರಿಗೆ ಎಷ್ಟು ಅಕ್ಷರ

ಜಾದೂಗಾರ ಗುರುಲಿಂಗಯ್ಯನವರಿಗೆ ಪಂಪಣ್ಣ ಅಂತ ಒಬ್ಬ ಶಿಷ್ಯ. ವರ್ಷಗಟ್ಟಲೆ ಗುರುಗಳ ಟ್ರಂಕು ಹೊತ್ತು, ಪಾರಿವಾಳಕ್ಕೆ ಕಾಳು ಹಾಕಿ ಅವನ ಹೆಗಲೂ ಸವೆದಿತ್ತು, ತಾಳ್ಮೆಯೂ ಸವೆದಿತ್ತು. ಕೈ ಚುರುಕು, ನಾಲಿಗೆ ಇನ್ನೂ ಚುರುಕು. ದೊಡ್ಡ ಮನುಷ್ಯರನ್ನು ಕಂಡರೆ ಮಾತ್ರ ಆ ನಾಲಿಗೆಗೆ ಜೇನು ಹತ್ತಿಕೊಳ್ಳುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟ: “ಗುರುಗಳೇ, ನನ್ನ ಹೆಸರಲ್ಲಿ ಒಂದು ಪ್ರೋಗ್ರಾಂ ಯಾವಾಗ?”

“ಭಾನುವಾರ ಕ್ಲಬ್ಬಿನ ವಾರ್ಷಿಕೋತ್ಸವ ಇದೆಯಲ್ಲ, ಹೆಸರಿನ ಆಟ ನೀನೇ ಮಾಡು. ಗೆದ್ದರೆ ಪೋಸ್ಟರಿನ ಮೇಲೆ ನಿನ್ನ ಮುಖ. ಸೋತರೆ ಇನ್ನೊಂದು ವರ್ಷ ಟ್ರಂಕು.”

ಪಂಪಣ್ಣ ಒಳಗೊಳಗೇ ನಕ್ಕ. ಯಾಕೆ ಗೊತ್ತೇ ಮಕ್ಕಳೇ? ಹೆಸರಿನ ಆಟ ತನ್ನಷ್ಟಕ್ಕೆ ತಾನೇ ನಡೆಯುವ ಆಟ. ಕೈಚಳಕ ಬೇಡ, ಮಂತ್ರ ಬೇಡ, ಬುದ್ಧಿಯೂ ಅಷ್ಟಾಗಿ ಬೇಡ. ಮನೆಯಲ್ಲಿ ಇಸ್ಪೀಟಿನ ಕಟ್ಟು ಇದ್ದರೆ ನೀವೇ ಮಾಡಿ ನೋಡಿ. ಎದುರಿನವರು ಒಂದು ಎಲೆ ನೋಡಿಕೊಂಡು ಕಟ್ಟಿನ ಮೇಲೆ ಮಗುಚಿ ಇಡುತ್ತಾರೆ. ನೀವು ಅವರ ಹೆಸರನ್ನು ಬಿಡಿಸಿ ಹೇಳುತ್ತ, ಅಕ್ಷರಕ್ಕೊಂದರಂತೆ ಮೇಲಿನ ಎಲೆಗಳನ್ನು ಒಂದರ ಮೇಲೊಂದು ಮೇಜಿಗೆ ಹಾಕುತ್ತೀರಿ. ಆ ಗುಡ್ಡೆಯನ್ನು ಎತ್ತಿ ಮತ್ತೆ ಕಟ್ಟಿನ ಮೇಲಿಡುತ್ತೀರಿ. ಅದೇ ಹೆಸರನ್ನು ಮತ್ತೊಮ್ಮೆ ಬಿಡಿಸಿ ಹೇಳುತ್ತ ಎಲೆ ಹಾಕಿದರೆ, ಕೊನೆಯ ಅಕ್ಷರಕ್ಕೆ ಅವರ ಎಲೆಯೇ ಬಂದು ಬೀಳುತ್ತದೆ. ಗುಟ್ಟು ಇಷ್ಟೇ: ಮೊದಲ ಎಣಿಕೆಯಲ್ಲಿ ಅವರ ಎಲೆ ಗುಡ್ಡೆಯ ತಳಕ್ಕೆ ಹೋಗಿ, ಸರಿಯಾಗಿ ಕೊನೆಯ ಅಕ್ಷರದ ಜಾಗದಲ್ಲಿ ಕೂತುಬಿಟ್ಟಿರುತ್ತದೆ. ಹೆಸರು ಉದ್ದವೋ ಗಿಡ್ಡವೋ, ಆಟಕ್ಕೆ ಅದರ ಗೊಡವೆಯೇ ಇಲ್ಲ.

“ಮೊದಲನೇ ಸಲ ಹೇಗೆ ಕರೆದೆಯೋ ಎರಡನೇ ಸಲವೂ ಹಾಗೇ ಕರೆ. ಮಿಕ್ಕಿದ್ದನ್ನು ಎಲೆಗಳೇ ನೋಡಿಕೊಳ್ಳುತ್ತವೆ,” ಎಂದರು ಗುರುಗಳು.

ಭಾನುವಾರ ಬಂತು. ಮುಖ್ಯ ಅತಿಥಿ ರೈಸ್‌ಮಿಲ್ಲಿನ ಧಣಿ ಬಸವಂತಪ್ಪ. ಜರತಾರಿ ರುಮಾಲು, ಮೀಸೆಗೆ ಎಣ್ಣೆ. ಅವರು ಆಟೀನ್ ರಾಜನನ್ನು ನೋಡಿಕೊಂಡು ಕಟ್ಟಿನ ಮೇಲಿಟ್ಟರು. ಪಂಪಣ್ಣ ಗುರುವಾಕ್ಯ ನೆನೆದು ಸೊಗಸಾಗಿ ಶುರುಮಾಡಿದ: “ಬ, ಸ, ವಂ, ತ, ಪ್ಪ.” ಐದು ಎಲೆ.

ಧಣಿಯ ಮೀಸೆ ಅಲುಗಿತು. ಪಕ್ಕದಲ್ಲಿದ್ದ ಕ್ಲಬ್ಬಿನ ಕಾರ್ಯದರ್ಶಿ ಪಂಪಣ್ಣನ ಅಂಗಿ ಜಗ್ಗಿ ಪಿಸುಗುಟ್ಟಿದ: “ಏನಯ್ಯಾ, ಅವರನ್ನ ಬರೀ ಬಸವಂತಪ್ಪ ಅಂತೀಯಾ? ನಿಮ್ಮ ಮನೆ ಜೀತದಾಳೇನು ಅವರು?”

ಪಂಪಣ್ಣ ಹೆದರಿದ. ಗುಡ್ಡೆಯನ್ನು ಕಟ್ಟಿನ ಮೇಲಿಟ್ಟವನೇ ಕೈಮುಗಿದು, ಹಲ್ಲು ಕಿರಿದು ರಾಗವಾಗಿ ಎಣಿಸಿದ: “ಶ್ರೀ, ಬ, ಸ, ವಂ, ತ, ಪ್ಪ, ನ, ವ, ರು.” ಪಾಪ, ರಾಜ ‘ತ’ ಅಕ್ಷರಕ್ಕೇ ಬಿದ್ದು ಅಡಿಗೆ ಸೇರಿದ್ದ. ‘ರು’ ಅಕ್ಷರದ ಎಲೆಯನ್ನು ಜಂಬದಿಂದ ತಿರುಗಿಸಿದರೆ, ಇಸ್ಪೇಟ್ ಗುಲಾಮ.

“ನಾ ನೋಡಿದ್ದು ರಾಜ,” ಎಂದರು ಧಣಿ, ತಣ್ಣಗೆ.

“ಎಲೆ ಸುಳ್ಳು ಹೇಳ್ತದೇನ್ರೀ,” ಎಂದಿತು ಹಿಂದಿನ ಸಾಲಿನ ಒಂದು ದನಿ. ಸಭೆಯೆಲ್ಲ ಗೊಳ್ಳೆಂದಿತು. ಪಂಪಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮುಂದಿನ ಸಾಲಿನಲ್ಲಿ ಧಣಿಯ ತಾಯಿ ಹಂಪಮ್ಮ ಕೂತಿದ್ದಳು. ಸೆರಗು ಸರಿಮಾಡಿಕೊಂಡು ಸೀದಾ ವೇದಿಕೆ ಹತ್ತಿದಳು. “ತಾ ಇಲ್ಲಿ ಎಲಿ. ಅಕ್ಷರಕ್ಕೊಂದು ಹಾಕೋದು ಏನು ಮಹಾ? ಏ ಬಸ್ಯಾ, ಇನ್ನೊಂದು ತಗದು ನೋಡು, ಮ್ಯಾಲೆ ಇಡು.”

ಧಣಿ ಇಟ್ಟರು. ಮುದುಕಿ ಎಣಿಸಿದಳು: “ಬ, ಸ್ಯಾ.”

“ಅವ್ವಾ, ಮಂದಿ ಅದಾರ,” ಎಂದು ಧಣಿ ಗೊಣಗಿದರು.

“ಮಂದಿ ಇದ್ದರ ನಿನ್ನ ಹೆಸರು ಬ್ಯಾರೆ ಆಗತೈತೇನು?” ಎನ್ನುತ್ತ ಆ ಎರಡು ಎಲೆಗಳನ್ನು ಕಟ್ಟಿನ ಮೇಲಿಟ್ಟು ಮತ್ತೆ ಹಾಕಿದಳು: “ಬ, ಸ್ಯಾ.” ತಿರುಗಿಸಿದಳು. ಡೈಮಂಡ್ ರಾಣಿ.

“ಇದೇ ಅವ್ವಾ, ನಾ ನೋಡಿದ್ದು ಇದೇ!” ಎಂದು ಧಣಿ ಸಭೆಯನ್ನೂ ರುಮಾಲನ್ನೂ ಮರೆತು ಚಪ್ಪಾಳೆ ಹೊಡೆದರು.

ಪರದೆಯ ಹಿಂದೆ ಪಂಪಣ್ಣ ತಲೆ ತಗ್ಗಿಸಿ ನಿಂತ. “ಗುರುಗಳೇ, ಆಟ ಕೆಟ್ಟಿತು.”

“ಆಟ ಎಲ್ಲಿ ಕೆಟ್ಟಿತಪ್ಪ? ಅದು ನೆಟ್ಟಗೇ ಇತ್ತು. ಬಗ್ಗಿದ್ದು ನೀನು,” ಎಂದರು ಗುರುಲಿಂಗಯ್ಯ. “ಹೂಂ, ಟ್ರಂಕು ಎತ್ತು. ಬಸ್ಸಿಗೆ ಹೊತ್ತಾಯಿತು.”

ನೀತಿ: ಒಬ್ಬರನ್ನು ಮೊದಲು ಹೇಗೆ ಕರೆದೆವೋ ಕೊನೆಯವರೆಗೂ ಹಾಗೇ ಕರೆಯಬೇಕು. ಗೌರವ ಕೊಡುವುದಿದ್ದರೆ ಮೊದಲ ಎಣಿಕೆಯಲ್ಲೇ ಕೊಡಿ. ನಡುವೆ ಸೇರಿಸಿದ್ದು ಗೌರವವಲ್ಲ, ಹೆದರಿಕೆ. ತಾನಾಗಿ ಆಗುವ ಕೆಲಸವನ್ನೂ ಅದು ಕೆಡಿಸುತ್ತದೆ.