ಶೌರಮ್ಮನ ಮನೆಯ ಪಾಲು

ಮಾತೆ ಜ್ಞಾನಮ್ಮನವರು ಮರಳೆಕಟ್ಟೆಯ ಪುಟ್ಟ ದೇವಾಲಯದ ಹಿಂದೆ, ತೆಂಗಿನ ಗರಿ ಹೊದಿಸಿದ ಒಂಟಿ ಕೋಣೆಯಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ಗಡಿಗೆ, ಗೋಡೆಯ ಮೇಲೊಂದು ಶಿಲುಬೆ. ಇಷ್ಟೇ ಆ ಪುಣ್ಯಜೀವಿಯ ಆಸ್ತಿ. ಪಾಸ್ಕ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ನಲವತ್ತು ದಿನವೂ ಅವರು ದಿನಕ್ಕೊಮ್ಮೆ ರಾಗಿ ಗಂಜಿ ಮಾತ್ರ ಸ್ವೀಕರಿಸುತ್ತಿದ್ದರು. ಶುಭ ಶುಕ್ರವಾರದಿಂದ ಪಾಸ್ಕದ ಬೆಳಗಿನವರೆಗೆ ಅದೂ ಇಲ್ಲ, ನೀರೂ ಇಲ್ಲ.

ಯೇಸುಸ್ವಾಮಿ ಪುನರುತ್ಥಾನರಾದ ಆ ಪಾಸ್ಕ ಹಬ್ಬದಂದು ಊರಿಗೆಲ್ಲ ಒಂದೇ ಹಂಡೆಯ ಪಾಯಸ. ಮನೆಗೊಂದು ಮುಷ್ಟಿ ಅಕ್ಕಿಯೋ, ಹೆಸರುಬೇಳೆಯೋ, ಬೆಲ್ಲವೋ, ಅವರವರ ಕೈಲಾದದ್ದು. ಕೊಡುವ ಕೈಯ ಮೇಲೆ ಬಿಳಿ ವಸ್ತ್ರ ಹೊದಿಸುತ್ತಿದ್ದರು. ಯಾರ ಮುಷ್ಟಿ ತುಂಬಿದೆ, ಯಾರದು ಬರಿದು ಎಂದು ಕಾಣಬಾರದಲ್ಲ! ಮಾತೆಯವರು ವಸ್ತ್ರದಡಿಯಲ್ಲೇ ಪಡೆದು, ಮುಚ್ಚಿದ ಮುಷ್ಟಿಯನ್ನು ಕಣ್ಣಿಗೊತ್ತಿಕೊಂಡು ಹಂಡೆಗೆ ಹಾಕುತ್ತಿದ್ದರು. ಕಡೆಯ ಮನೆಯ ಪಾಲು ಬರುವವರೆಗೆ ಹಂಡೆ ಇಳಿಸುವಂತಿಲ್ಲ, ಯಾರೂ ಉಪವಾಸ ಬಿಡುವಂತಿಲ್ಲ.

ಆ ವರ್ಷ ಬಾಕಿ ಉಳಿದದ್ದು ಶೌರಮ್ಮನ ಮನೆ. ತಪಸ್ಸುಕಾಲದ ಎರಡನೆಯ ವಾರ ಅವಳ ಒಬ್ಬಳೇ ಮಗಳು, ಆರು ವರ್ಷದ ಲೂರ್ದು, ಜ್ವರದಲ್ಲಿ ತೀರಿಕೊಂಡಿದ್ದಳು. ಜನ ಬಂದರು, "ದೇವ್ರ ಚಿತ್ತ ಕಣವ್ವ" ಎಂದರು, ಎದ್ದು ಹೋದರು. ಹೇಳುವವರಿಗೇನು, ಹೆತ್ತವಳ ಸಂಕಟ ಹೆತ್ತವಳಿಗೇ ಗೊತ್ತು! ಶೌರಮ್ಮನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ. ಒಳಗೆಲ್ಲ ಬರೀ ಸಿಟ್ಟು. ಈಗ ಅದೇ ಜನ ಹಾಡುತ್ತಾ ಪಾಯಸಕ್ಕೆ ಕಾಯಿ ತುರಿಯುತ್ತಿದ್ದರು. ಉಣ್ಣಲಿ, ಆದರೆ ತನ್ನ ನಾಲಿಗೆಯ ಕಹಿಯನ್ನೇ ಉಣ್ಣಲಿ ಎಂದು ಅವಳು ಹಿತ್ತಲ ಬೇವಿನ ಚಿಗುರನ್ನು ನುಣ್ಣಗೆ ಅರೆದು, ಉಂಡೆ ಕಟ್ಟಿ, ಮುಷ್ಟಿಯಲ್ಲಿ ಬಿಗಿಹಿಡಿದು ಹೊರಟಳು.

ದೇವಾಲಯದ ಅಂಗಳ ತಲುಪುವಾಗ ಒಲೆ ಕಾಯುತ್ತಿದ್ದ ಮುದುಕ ಚಿನ್ನಪ್ಪನ ಗೊಣಗಾಟ ಕೇಳಿಸಿತು. "ಅವ್ಳು ಬರಾಕಿಲ್ಲ ಕಣ್ರವ್ವ. ಇಳಿಸ್ಬುಡಾನ, ಪಾಯ್ಸ ತಳ ಹತ್ತುತದೆ."

"ಹತ್ತಲಿ. ಒಂದು ಮನೆ ಬಾಕಿ ಇದೆ" ಎಂದರು ಮಾತೆಯವರು.

ಆ ಮಾತಿಗೆ ಶೌರಮ್ಮನ ಹೆಜ್ಜೆ ಒಂದು ಗಳಿಗೆ ತಡೆಯಿತು. ಆದರೂ ಹಲ್ಲು ಕಚ್ಚಿ ಬಂದು ವಸ್ತ್ರದಡಿ ಕೈಯಿಟ್ಟಳು. ಒದ್ದೆ ಉಂಡೆ ಮಾತೆಯವರ ಅಂಗೈ ಸೇರಿತು. ಅವರ ಬೆರಳುಗಳು ಅದನ್ನೊಮ್ಮೆ ಒತ್ತಿ ನೋಡಿದವು. ಗುಟ್ಟು ರಟ್ಟಾಯಿತು, ಇನ್ನು ಊರ ಮುಂದೆ ತನ್ನ ಮಾನ ಹೋಯಿತು ಎಂದುಕೊಂಡಳು ಶೌರಮ್ಮ.

ಮಾತೆಯವರು ಎಂದಿನಂತೆ ಮುಷ್ಟಿಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಬಾಯಿಗೊಯ್ದರು. ಮುತ್ತಿಟ್ಟರೆಂದು ಜನ ಕೈಮುಗಿದರು. ಅವರು ಅಗಿಯುವುದನ್ನು ಕಂಡವಳು ಎದುರಿಗಿದ್ದ ಶೌರಮ್ಮ ಒಬ್ಬಳೇ. ಎರಡು ದಿನ ಹನಿ ನೀರೂ ಇಳಿಯದಿದ್ದ ಆ ಗಂಟಲು ಒಮ್ಮೆ ಬಿಗಿಯಿತು, ಮತ್ತೊಮ್ಮೆ ಬಿಗಿಯಿತು. ಕಣ್ಣಲ್ಲಿ ನೀರು ತುಂಬಿತು. ಮುಖ ಮಾತ್ರ ಎಳ್ಳಷ್ಟೂ ಕಿವುಚಲಿಲ್ಲ. ಉಂಡೆಯೆಲ್ಲ ಮುಗಿದ ಮೇಲೆ ಬರಿಗೈಯನ್ನು ಹಂಡೆಯ ಮೇಲೆ ಬಿಚ್ಚಿ, "ಶೌರಮ್ಮನ ಮನೆಯ ಪಾಲು ಬಂತು. ಇಳಿಸಿ" ಎಂದರು.

ಶೌರಮ್ಮ ಆ ಬರಿಗೈಯನ್ನೇ ನೋಡಿದಳು. ನಲವತ್ತು ದಿನದ ವ್ರತ ಮುಗಿಸಿ ಆ ತಾಯಿ ಉಂಡ ಮೊದಲ ತುತ್ತು ತನ್ನ ಬೇವು! ಅವರ ಪಾದದ ಬಳಿ ಕುಸಿದು, "ಯಾಕವ್ವಾ ನುಂಗಿದ್ರಿ?" ಎಂದು ಪಿಸುಗುಟ್ಟಿದಳು.

ಮಾತೆಯವರು ಬಾಗಿ ಅವಳ ತಲೆ ಸವರಿದರು. "ನೀನೊಬ್ಬಳೇ ಎಷ್ಟಂತ ನುಂಗುತ್ತೀಯ ಮಗಳೇ?"

ಮಗು ಹೋದ ದಿನದಿಂದ ಕಲ್ಲಾಗಿದ್ದ ಹೆಂಗಸು ಆಗ ಅತ್ತಳು. ಊರೆಲ್ಲ ಕೇಳುವಂತೆ, ಬಿಕ್ಕಿಬಿಕ್ಕಿ ಅತ್ತಳು. ಅಳು ನಿಂತ ಮೇಲೆ ತಾನು ತಂದದ್ದೇನೆಂದು ತಾನೇ ಎಲ್ಲರಿಗೂ ಹೇಳಿದಳು. ಚಿನ್ನಪ್ಪ ಪಾಯಸದ ಮೊದಲ ಬಟ್ಟಲನ್ನು ಅವಳ ಕೈಗಿತ್ತ.

ಮಾತೆಯವರು ದೈವಾಧೀನರಾದ ಮೇಲೆ ಹಂಡೆಯ ಬಳಿ ವಸ್ತ್ರ ಹಿಡಿದು ನಿಂತವಳು ಶೌರಮ್ಮನೇ. ಅವಳು ಹಾಕಿಕೊಟ್ಟ ಪದ್ಧತಿಯಂತೆ ಇಂದಿಗೂ ಆ ಊರಲ್ಲಿ ಪಾಸ್ಕದ ಪಾಯಸಕ್ಕೆ ಮೊದಲು ಎಲ್ಲರೂ ಬೇವಿನ ಚಿಗುರು ತಿನ್ನುತ್ತಾರೆ. ನಿಮಗೆ ಯುಗಾದಿ ತಡವಾಗಿ ಬಂತೇ ಎಂದು ಪಕ್ಕದೂರಿನವರು ಛೇಡಿಸುತ್ತಾರೆ, ಛೇಡಿಸಲಿ. ಆಯಾ ವರ್ಷ ಸಾವು ಕಂಡ ಮನೆಯವರಿಗೆ ಮಾತ್ರ ಬೇವು ಕೊಡುವುದಿಲ್ಲ. ಅವರ ಪಾಲನ್ನು ಊರೇ ತಿನ್ನುತ್ತದೆ.