ಬಾತು ಮರಿಯ ಮನೆಯವರು

ಕೆರೆಯ ಪಕ್ಕದ ಶಾಲೆಯಲ್ಲಿ ಎಲ್ಲ ಜಾತಿಯ ಮರಿಗಳೂ ಓದುತ್ತಿದ್ದವು. ಸಂಜೆ ಮರಿಯನ್ನು ಅದರ ಮನೆಯವರಿಗೆ ಮಾತ್ರ ಒಪ್ಪಿಸಬೇಕೆಂಬುದು ಅಲ್ಲಿನ ನಿಯಮ. ಬಾಗಿಲು ಕಾಯುವ ನಾಯಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು.

ಮೊದಲ ದಿನ ಬಾತು ಮರಿಯನ್ನು ಕರೆದೊಯ್ಯಲು ಒಂದು ಹೇಂಟೆ ಬಂತು. ನಾಯಿ ಎರಡನ್ನೂ ಮೂಸಿ ನೋಡಿ, "ವಾಸನೆ ಹೊಂದುವುದಿಲ್ಲ. ಕಳಿಸಲಾಗದು," ಎಂದಿತು.

"ಮೊಟ್ಟೆ ಬಾತಿನದೇ, ಅಣ್ಣಾ. ಕಾವು ಕೂತವಳು ನಾನು. ಬೆಳಗ್ಗೆ ಬಿಟ್ಟುಹೋದವಳೂ ನಾನೇ."

"ಬಿಟ್ಟುಹೋಗಲು ಯಾರು ಬೇಕಾದರೂ ಬರಬಹುದು. ಕರೆದೊಯ್ಯಲು ಮನೆಯವರೇ ಆಗಬೇಕು."

"ಕತ್ತಲಾದರೆ ನನಗೆ ದಾರಿ ಕಾಣುವುದಿಲ್ಲ, ಬೇಗ ಕಳಿಸು!"

ಗದ್ದಲ ಕೇಳಿ ಮುಖ್ಯೋಪಾಧ್ಯಾಯಿನಿ ಆಮೆ ಹೊರಟಿತು. ಅದು ಬಾಗಿಲಿಗೆ ಬಂದು ಸೇರುವಷ್ಟರಲ್ಲಿ ಸೂರ್ಯ ಕೆರೆಯಂಚಿಗೆ ಇಳಿದಿದ್ದ.

ಬಾಗಿಲ ಒಳಗೇ ಕಾದು ಸಾಕಾಗಿದ್ದ ಬಾತು ಮರಿ ಹೇಂಟೆಯ ಕಡೆ ನೋಡುತ್ತ ನೆಲಕ್ಕೆ ಬಿದ್ದು ಕಾಲು ಬಡಿಯತೊಡಗಿತು. "ಯಾಕಮ್ಮಾ ಇಷ್ಟು ತಡ? ನನಗೆ ಹಸಿವು! ನಡೆಯೋಕಾಗಲ್ಲ, ಎತ್ತಿಕೋ!"

"ಏಳು ಮೇಲೆ! ಮತ್ತೆ ನೀರಿಗೆ ಇಳಿದೆಯಾ? ಮೈಯೆಲ್ಲ ಒದ್ದೆ!"

"ಇಳೀತೀನಿ! ನಾಳೆನೂ ಇಳೀತೀನಿ!"

ಆಮೆ ನಾಯಿಯನ್ನು ಕೇಳಿತು: "ಇದು ಬೆಳಗ್ಗಿನಿಂದ ನಮ್ಮೆದುರು ಹೀಗೆ ರಂಪ ಮಾಡಿತ್ತಾ?"

"ಇಲ್ಲ ಮೇಡಂ. ಬಹಳ ಸಾಧು ಮರಿ. ಕೇಳಿದ್ದಕ್ಕೆಲ್ಲ 'ಹೂಂ' ಎನ್ನುತ್ತಿತ್ತು."

"ಹಾಗಾದರೆ ಬಾಗಿಲು ತೆಗಿ. ಬಂದಿರುವುದು ಮನೆಯವರೇ."

ನಾಯಿ ಬಾಗಿಲು ತೆಗೆಯಿತು. ಹೇಂಟೆ ಬೈಯುತ್ತ ಮುಂದೆ ನಡೆಯಿತು. ಮರಿ ಎದುರುತ್ತರ ಕೊಡುತ್ತ ಅದರ ಹಿಂದೆಯೇ ಓಡಿತು.